ಅರ್ಧ ಉಳುಕು

“ಹುಟ್ಟೋವಾಗ ಎಲ್ಲಾರ್ಗೂ ತಲೆ ಮೊದ್ಲು ಬರುತ್ತೆ ಕಣ್ರಪ್ಪಾ. ಈ ಗಂಗಾಧರಂಗೆ ಕಾಲು ಮೊದ್ಲು ಬಂತು. ತಲೆ ಇನ್ನೂ ದಾರೀಲೈತೆ!”

ಕದಿರಪ್ಪ ಮೇಸ್ತ್ರಿ ಈ ಮಾತನ್ನು ಮೂಲೆಗೆ ಕರೆದು ಹೇಳಿದ್ದರೆ ಬೇರೆ ವಿಷಯ. ಅವನು ಹೇಳಿದ್ದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಜೂನ್ ತಿಂಗಳ ತುಂಬಿದ ಬೆಳಗಿನಲ್ಲಿ, ತೂಕದ ಕಾಟಾದ ಮೇಲೆ ಹತ್ತಿ ನಿಂತು. ಹಮಾಲಿಗಳು, ಲಾರಿ ಡ್ರೈವರುಗಳು, ತೋಟದವರು, ಕಾಯಿ ಆರಿಸುವ ಹೆಂಗಸರು, ಎಲ್ಲ ಸೇರಿ ನಲವತ್ತು ಜನ. ನಲವತ್ತು ಜನವೂ ಒಂದೇ ಬಾಯಲ್ಲಿ ನಕ್ಕರು. ಯಾರೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದು ಹಮಾಲಿಗಳ ಗ್ರೂಪಿಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಮುಳಬಾಗಿಲಿನ ಮಂಡಿಯವರೂ ನೋಡಿ ನಕ್ಕಿದ್ದರು.

ಗಂಗಾಧರ ಮಾಡಿದ ತಪ್ಪಾದರೂ ಎಂಥದ್ದು? ಎರಡು ಲಾರಿ ನಿಂತಿದ್ದವು. ಒಂದು ಜ್ಯೂಸ್ ಫ್ಯಾಕ್ಟರಿಗೆ ತೋತಾಪುರಿ ಒಯ್ಯುವುದು, ಇನ್ನೊಂದು ಬೆಂಗಳೂರಿಗೆ ಬಾದಾಮಿ ಮಾವು ಒಯ್ಯುವುದು. ಅವನು ಟೀ ಕುಡಿದು ಬರುವಷ್ಟರಲ್ಲಿ ಡ್ರೈವರುಗಳು ಲಾರಿಗಳ ಜಾಗ ಅದಲುಬದಲು ಮಾಡಿದ್ದರು. ಇವನು ನಂಬರ್ ಪ್ಲೇಟು ನೋಡಲಿಲ್ಲ, ಜಾಗ ನೋಡಿದ. ಮೂವತ್ತು ಕ್ರೇಟು ಬಾದಾಮಿ ಜ್ಯೂಸಿನ ಲಾರಿ ಹತ್ತಿ ಕೂತುಬಿಟ್ಟವು. ಇಳಿಸಿ ಆ ಕಡೆಗೆ ಏರಿಸಿದರೆ ಮುಗಿಯುವ ಕೆಲಸ. ಬೈಯಲಿ, ಮೇಸ್ತ್ರಿಯಾದವನು ಬೈಯದೆ ಇನ್ನೇನು ಮಾಡುತ್ತಾನೆ? ಆದರೆ ಹುಟ್ಟಿದ್ದನ್ನು ಎತ್ತಿ ಆಡುವುದೇ?

ಅವನ ಹುಟ್ಟು ಊರಿಗೆಲ್ಲ ಗೊತ್ತಿತ್ತು. ಗಂಗಾಧರ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವನು. ಅಂಥವರನ್ನು ಆ ಸೀಮೆಯಲ್ಲಿ ಎದುರುಕಾಲಿನವರು ಅನ್ನುತ್ತಾರೆ. ಸೊಂಟ ಹಿಡಿದುಕೊಂಡವರಿಗೆ ಎದುರುಕಾಲಿನವರು ಎಡಗಾಲಲ್ಲಿ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂಬುದನ್ನು ಯಲ್ದೂರಿನಿಂದ ದೇವರಾಯಸಮುದ್ರದವರೆಗೆ ಯಾರೂ ಪ್ರಶ್ನೆ ಮಾಡಿದವರಿಲ್ಲ. ಗಂಗಾಧರ ಐದು ವರ್ಷದವನಿದ್ದಾಗ ಮಲಗಿದ್ದವನನ್ನು ಮಲಗಿದ ಹಾಗೇ ಎತ್ತಿಕೊಂಡು ಹೋಗಿ, ಅವನ ಪುಟ್ಟ ಕಾಲನ್ನು ತಮ್ಮ ಸೊಂಟಕ್ಕೆ ಒರೆಸಿಕೊಂಡ ದೊಡ್ಡಮನುಷ್ಯರೂ ಇದ್ದಾರೆ. ಒಂಬತ್ತನೇ ಕ್ಲಾಸಿಗೆ ಅವನು ಶಾಲೆ ಬಿಟ್ಟ. ಅದಾಗಿ ಎಂಟು ವರ್ಷ. ಬಿಡದೆ ಇಟ್ಟುಕೊಂಡದ್ದು ಒಂದೇ, ಸಿಟ್ಟು. ತನ್ನ ಮೈಯಲ್ಲಿ ಜನಕ್ಕೆ ಬೇಕಾದದ್ದು ಎಡಗಾಲು ಮಾತ್ರ ಎಂಬ ಸಿಟ್ಟು. ಮೇಸ್ತ್ರಿ ಕಾಟಾದ ಮೇಲೆ ನಿಂತು ಅದನ್ನೇ ನಲವತ್ತು ಜನಕ್ಕೆ ಓದಿ ಹೇಳಿದ್ದ.

ಅವತ್ತಿನಿಂದ ಬಾಳೇ ಕಷ್ಟವಾಯಿತು. ಜೊತೆಗೆ ಕ್ರೇಟು ಹೊರುವ ಜುಲ್ಫಿಕರ್ ಗೆಳೆಯನೇ, ಆದರೂ ಬಾಯಿ ಸುಮ್ಮನಿರಬೇಕಲ್ಲ. “ಕೋಲಾರದ ಬಸ್ ಬಂತು ನೋಡೋ ಗಂಗಾ, ನಿನ್ ತಲೆ ಇಳೀತೇನೋ!” ಅನ್ನುತ್ತಿದ್ದ. ಕಾಯಿ ಆರಿಸುವ ಹೆಂಗಸರು, “ಬಂತೇನಪ್ಪಾ?” ಎಂದು ಬಂಧುಗಳ ಕ್ಷೇಮ ಕೇಳುವ ಹಾಗೆ ಕೇಳುತ್ತಿದ್ದರು.

“ನಗ್ರಿ, ನಗ್ರಿ,” ಎಂದ ಗಂಗಾಧರ. “ಇದೇ ಕಾಟಾದ ಮೇಲೆ ನಿಂತು, ಇದೇ ಜನದ ಮುಂದೆ ಆ ಮಾತು ವಾಪಸ್ ತಗೋಬೇಕು ಅವ್ನು. ತಗೊಳ್ಳೋವರ್ಗೂ ನಾನು ಬಿಡಲ್ಲ.”

ಕ್ರೇಟು ಹೊರುವಾಗೆಲ್ಲ ಅವನು ಒಂದೊಂದು ಉತ್ತರ ಹೊಸೆದ. ಎರಡನೇ ದಿನ ಸಾಯಂಕಾಲಕ್ಕೆ ಸರಿಯಾದದ್ದೊಂದು ಸಿಕ್ಕಿತು. ಜುಲ್ಫಿಕರ್ ಕಿವಿಯಲ್ಲಿ ಹೇಳಿದ: “ಮೇಸ್ತ್ರೀ, ನನ್ ತಲೆ ದಾರೀಲಾದ್ರೂ ಐತೆ. ನಿಮ್ದು ಇನ್ನೂ ಹೊರಟೇ ಇಲ್ಲ.”

ಜುಲ್ಫಿಕರ್ ಕ್ರೇಟು ಕೆಳಗಿಟ್ಟು ನಕ್ಕ. “ಇದು ಮಾತು! ಆದ್ರೆ ಸುಮ್ನೆ ಖರ್ಚು ಮಾಡ್ಬೇಡ. ಎಲ್ಲಾರೂ ಇರೋವಾಗ ಬಿಡು.”

ಆ ಹೊತ್ತು ಬರುವ ಮೊದಲೇ ಮೇಸ್ತ್ರಿಯ ಸೊಂಟ ಹಿಡಿದುಕೊಂಡಿತು.

ಮೂರನೇ ದಿನ ಕದಿರಪ್ಪ ಹೊಸಬರಿಗೆ ಕ್ರೇಟು ಎತ್ತುವ ಪಾಠ ಮಾಡುತ್ತಿದ್ದ. “ನೋಡ್ರೋ, ಮಂಡಿ ಮಡಚ್ಬೇಕು, ಸೊಂಟ ಬಗ್ಗಿಸ್ಬಾರ್ದು,” ಎನ್ನುತ್ತ ಸೊಂಟ ಬಗ್ಗಿಸಿದ. “ಅಮ್ಮೋ! ನಡುಮು!” ಎಂದು ಕಿರುಚಿದ. ನೋವು ಬಂದರೆ ಕದಿರಪ್ಪನಿಗೆ ಕನ್ನಡ ಮರೆತುಹೋಗಿ ತೆಲುಗು ಬರುತ್ತಿತ್ತು. ಬಗ್ಗಿದವನು ಬಗ್ಗಿದಂತೆಯೇ ನಿಂತ. ಕಣ್ಣಿಗೆ ಕಾಣುತ್ತಿದ್ದದ್ದು ತನ್ನ ಮಂಡಿ ಮಾತ್ರ.

ಮಂಡಿಯ ಯಜಮಾನ ಗೌಸ್ ಮೊಹಿದ್ದೀನ್ ಸಾಹೇಬರು ತಮ್ಮ ಕಾರಿನಲ್ಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮುಂದಿನ ಸೀಟಿನಲ್ಲಿ ಕೂರಲಾಗದೆ ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಹೋದ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಸೊಂಟಕ್ಕೆ ಬೆಲ್ಟು ಕಟ್ಟಿ, ಹತ್ತು ದಿನ ಮಲಗಬೇಕೆಂದರು.

“ಹತ್ತು ದಿನ ಮಲಗಿದ್ರೆ ನಾನು ಏಳೋ ಹೊತ್ಗೆ ಮರದಲ್ಲಿ ಎಲೆ ಬಿಟ್ರೆ ಏನಿರುತ್ತೆ ಸಾಹೇಬ್ರೇ?” ಎಂದು ಕದಿರಪ್ಪ ಗೋಳಾಡಿದ.

“ಹಾಗಾದ್ರೆ ಆ ಹುಡುಗನ್ನ ಕೇಳು ಬಾಬಾ. ಕಾಲು ನಮ್ಮ ಮಂಡೀಲೇ ಐತಲ್ಲ.”

ಗಂಗಾಧರನನ್ನು ಕರೆಸಿದರು. ಅವನು ಬಂದು ಎದೆಯ ಮೇಲೆ ಕೈ ಕಟ್ಟಿ ನಿಂತ. “ಆ ಮಾತು ವಾಪಸ್ ತಗೊಳ್ಳಿ. ಕಾಟಾದ ಮೇಲೆ. ಎಲ್ಲಾರ ಮುಂದೆ.”

ಕದಿರಪ್ಪ ತನ್ನ ಮಂಡಿಗಳನ್ನೇ ನೋಡುತ್ತ ಗುಡುಗಿದ: “ಲೇ, ಬಗ್ಗಿರೋದು ಸೊಂಟ ಕಣೋ! ಕದಿರಪ್ಪ ಅಲ್ಲ!”

“ಹಂಗಾದ್ರೆ ಬೆಲ್ಟ್ ಕಟ್ಕೊಂಡ್ ಮಲಕ್ಕೊಳ್ಳಿ,” ಎಂದು ಗಂಗಾಧರ ಹೊರಟೇಬಿಟ್ಟ.

ಆದರೆ ಮನೆಗೆ ಬಂದು ನೋಡಿದರೆ, ಮೇಸ್ತ್ರಿಯ ಹೆಂಡತಿ ಶ್ಯಾಮಲಮ್ಮ ಅವನ ಅಜ್ಜಿ ಮುನಿಯಲ್ಲಮ್ಮನ ಎದುರಿಗೆ ಆಗಲೇ ಕೂತಿದ್ದಳು. ಎಲೆ ಅಡಿಕೆ ಇಟ್ಟಾಗಿತ್ತು, ಅಜ್ಜಿಯ ಬಾಯಿ ಕೆಂಪಾಗಿತ್ತು. ಅಂದರೆ ಮಾತು ಮುಗಿದಿತ್ತು.

“ಕೇಳ್ಕೊಂಡು ಬಂದೋರಿಗೆ ಎದುರುಕಾಲು ಇಲ್ಲ ಅನ್ನಂಗಿಲ್ಲ ಮಗ,” ಎಂದಳು ಮುನಿಯಲ್ಲಮ್ಮ. ಇಪ್ಪತ್ತೆರಡು ವರ್ಷದ ಹಿಂದೆ ಆ ಕಾಲನ್ನು ಈ ಲೋಕದಲ್ಲಿ ಮೊದಲು ಮುಟ್ಟಿದವಳು ಅವಳೇ. ಹಾಗಾಗಿ ಒದೆಯ ಕಟ್ಟುಪಾಡಿಗೆಲ್ಲ ಅವಳೇ ಕೋರ್ಟು. “ಮೂರು ಬೆಳಗ್ಗೆ, ಖಾಲಿ ಹೊಟ್ಟೇಲಿ. ಅವನು ಸೂರ್ಯನ ಕಡೆಗೆ ಮುಖ ಮಾಡಿ ನಿಲ್ಲಬೇಕು. ಒದಿಯೋಕೆ ಮುಂಚೆ ಇಬ್ಬರೂ ಮಾತಾಡಂಗಿಲ್ಲ. ಒದ್ದ ಮೇಲೆ ನೀನು ಹಿಂದಕ್ಕೆ ತಿರುಗಂಗಿಲ್ಲ. ಮನೆಗೆ ಬಂದು ಕಾಲು ತೊಳೆಯೋವರ್ಗೂ ಯಾರು ಏನೇ ಅಂದ್ರೂ ಉತ್ತರ ಕೊಡಂಗಿಲ್ಲ. ಕೊಟ್ರೆ ಉಳುಕು ವಾಪಸ್ ಬರುತ್ತೆ. ಇವೆಲ್ಲ ನಿಂಗೆ ಗೊತ್ತಿರೋದೇ. ಇನ್ನೊಂದು ಐತೆ, ಅದು ನಿಂಗೆ ಇದುವರ್ಗೂ ಬೇಕಾಗಿರ್ಲಿಲ್ಲ. ಸಿಟ್ಟಿಟ್ಕೊಂಡು ಒದ್ರೆ ಉಳುಕು ಒದ್ದೋನ ಸೊಂಟಕ್ಕೇ ಬರುತ್ತೆ. ಸಿಟ್ಟೈತೇನೋ?”

“ಇಲ್ಲ,” ಎಂದ ಗಂಗಾಧರ, ಹಲ್ಲು ಕಚ್ಚಿಕೊಂಡು.

ಅವನ ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಮೇಸ್ತ್ರಿಯನ್ನು ಒದೆಯಲು ಮೇಸ್ತ್ರಿಯ ಹೆಂಡತಿಯೇ ಎಲೆ ಅಡಿಕೆ ಇಟ್ಟು ಕರೆದಿದ್ದಾಳೆ! ಇಂಥ ಭಾಗ್ಯ ಯಾವ ಹಮಾಲಿಗೆ ಸಿಕ್ಕಿದೆ? ಸುದ್ದಿ ಮಂಡಿಗೆ ಮುಟ್ಟಿದ್ದೇ ತಡ, ಒಬ್ಬೊಬ್ಬರೇ ಬಂದು ಬೇಡಿಕೆ ಇಡತೊಡಗಿದರು. “ಹೋದ್ ವರ್ಷ ಬಕ್ರೀದ್ ದಿನ ರಜಾ ಕೊಡ್ಲಿಲ್ಲ ನೋಡು, ನನ್ದೂ ಒಂದು ಸೇರ್ಸೋ,” ಎಂದ ಜುಲ್ಫಿಕರ್. “ನನ್ನ ಸೋಂಬೇರಿ ಅಂದಿದ್ದ, ಸ್ವಲ್ಪ ಜೋರಾಗಿ ಹಾಕು,” ಎಂದ ಇನ್ನೊಬ್ಬ. ಗೌಸ್ ಸಾಹೇಬರು ಮಾತ್ರ ಪಕ್ಕಕ್ಕೆ ಕರೆದು, “ಜೋರು ನಕ್ಕೋ ಬಾಬಾ, ಜೋರು ಬೇಡ. ಮೆತ್ತಗೆ. ಸೀಸನ್ ಮುಗಿಯೋವರ್ಗೂ ಮೇಸ್ತ್ರಿ ನಮಗೆ ಬೇಕು,” ಎಂದರು.

ಮೊದಲ ಬೆಳಗ್ಗೆ ಕದಿರಪ್ಪ ತನ್ನ ಮನೆಯ ಬಾಗಿಲ ಚೌಕಟ್ಟು ಹಿಡಿದು, ಮೂಡಲಿಗೆ ಮುಖ ಮಾಡಿ, ಅಂಗಿ ಎತ್ತಿ ನಿಂತಿದ್ದ. ಶ್ಯಾಮಲಮ್ಮ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ಬೇರೆಯವರಿಗೆ ಗಂಗಾಧರ ಹತ್ತಿರ ಹೋಗಿ, ಕಾಲೆತ್ತಿ, ಬಾಗಿಲು ತಳ್ಳುವ ಹಾಗೆ ತಳ್ಳಿ ಬರುತ್ತಿದ್ದ. ಇವತ್ತು ನಡುಮನೆಯ ಗೋಡೆಯವರೆಗೆ ಹಿಂದಕ್ಕೆ ಹೋದ. ಮೂರು ದಿನದ ನಗು ಕಿವಿಯಲ್ಲಿ ತುಂಬಿತ್ತು. ಓಡಿ ಬಂದ. ಎಡಗಾಲು ಎತ್ತಿದ. ಹೊಸ್ತಿಲ ಬಳಿ ಚೆಲ್ಲಿದ್ದ ನೀರಿನ ಮೇಲೆ ಬಲಗಾಲು ಸರ್ರೆಂದು ಜಾರಿತು. ಒದೆ ಬಿತ್ತು, ಹೌದು. ಅದರ ಜೊತೆಗೇ ಗಂಗಾಧರನ ಸೊಂಟದಲ್ಲಿ ಏನೋ ಲಟಕ್ ಎಂದಿತು.

ಕಿರುಚುವ ಹಾಗಿಲ್ಲ. ತಿರುಗುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು, ಕುಡುಗೋಲಿನ ಹಾಗೆ ಬಗ್ಗಿ, ರಂಗೋಲಿ ದಾಟಿ ಅವನು ಮನೆಗೆ ನಡೆದ.

ಹಿಂದಿನಿಂದ ಶ್ಯಾಮಲಮ್ಮನ ಕೂಗು ಬೀದಿಗೆಲ್ಲ ಕೇಳಿಸಿತು. “ಅಯ್ಯೋ ನೋಡ್ರೀ, ನಿಮ್ದು ಅರ್ಧ ಮೇಲೆ ಬಂತು! ಅರ್ಧ ಆ ಹುಡುಗಂಗೆ ಹೋಯ್ತು!”

ನಿಜವಾಗಿಯೂ ಕದಿರಪ್ಪ ಅರ್ಧ ಎದ್ದಿದ್ದ. ಮಂಡಿ ಮಾತ್ರ ಕಾಣುತ್ತಿದ್ದವನಿಗೆ ಈಗ ಎದುರಿಗಿರುವವರ ಅಂಗಿಯ ಗುಂಡಿಯವರೆಗೆ ಕಾಣುತ್ತಿತ್ತು.

ಮನೆಯಲ್ಲಿ ಮುನಿಯಲ್ಲಮ್ಮ ಮೊಮ್ಮಗನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವನು ಕಾಲು ತೊಳೆಯುವುದನ್ನೇ ಕಾದಿದ್ದು, “ಸಿಟ್ಟಿರ್ಲಿಲ್ಲ ಅಂದೆ?” ಎಂದಳು.

“ಸ್ವಲ್ಪ ಇತ್ತು ಅಜ್ಜಿ.”

“ಸ್ವಲ್ಪ? ಅರ್ಧ ಉಳುಕು ಹೊತ್ಕೊಂಡ್ ಬಂದಿದ್ದೀಯ! ಕೇಳು. ಶುರು ಮಾಡಿದ್ಮೇಲೆ ನಡುವೆ ಬಿಡಂಗಿಲ್ಲ, ಬಿಟ್ರೆ ಇಬ್ರೂ ಹಿಂಗೇ ಇರ್ತೀರ. ನಾಳೆನೂ ಸಿಟ್ಟಲ್ಲಿ ಒದ್ರೆ ಮಿಕ್ಕಿದ್ದೂ ನಿಂಗೇ. ಆಮೇಲೆ ಕ್ರೇಟು ಹೊರೋದು ಮರೆತ್ಬಿಡು, ಉಂಡ ತಟ್ಟೇನೂ ನಾನೇ ಎತ್ಬೇಕು.”

ಗಂಗಾಧರ ಹೆದರಿದ್ದು ಆಗಲೇ. ಅವನ ಕಾಲು ಊರಿಗೆ ಬೇಕಾಗಿದ್ದಿರಬಹುದು, ಅನ್ನ ಕೊಡುತ್ತಿದ್ದದ್ದು ಸೊಂಟ. ಸಿಟ್ಟು ಬಿಡಬೇಕು. ಬಿಡುವುದು ಹೇಗೆ? ಸಿಟ್ಟು ಹೆಗಲ ಮೇಲಿನ ಕ್ರೇಟೇ, ಇಳಿಸಿ ಬರುವುದಕ್ಕೆ?

ಮನೆಯಲ್ಲಿ ಕೂತರೆ ಸೊಂಟ ಇನ್ನೂ ಬಿಗಿಯುತ್ತದೆ ಎಂದು ಅಜ್ಜಿ ಅವನನ್ನು ಮಂಡಿಗೆ ಅಟ್ಟಿದಳು. ಅಲ್ಲಿ ಕದಿರಪ್ಪನೂ ಬಂದಿದ್ದ. ಗೌಸ್ ಸಾಹೇಬರು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಇಬ್ಬರೂ ನೆಲ ನೋಡುತ್ತ, ಚಪ್ಪಲಿ ಕಳೆದುಕೊಂಡವರ ಹಾಗೆ ಕೂತರು.

ಕದಿರಪ್ಪನ ತಲೆ ಬೆಳಗಿನಿಂದ ಓಡುತ್ತಿತ್ತು. ಸಿಟ್ಟಲ್ಲಿ ಒಂದು ಒದೆ ಬಿದ್ದದ್ದಕ್ಕೆ ಅರ್ಧ ಉಳುಕು ಹೋಯಿತು. ಹಾಗಾದರೆ ಇನ್ನೊಂದಿಷ್ಟು ಸಿಟ್ಟು ಬರಿಸಿದರೆ ಇನ್ನರ್ಧವೂ ಹೋಗಬೇಕು. ಲೆಕ್ಕ ಸರಿಯಾಗಿದೆ! ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

“ಏಮಿರಾ, ಒದಿಯಕ್ಕೂ ಬರಲ್ವೇನೋ ನಿಂಗೆ? ನಮ್ ಮನೆ ಎಮ್ಮೆ ನಿನಗಿಂತ ಚೆನ್ನಾಗಿ ಒದಿಯುತ್ತೆ.”

ಗಂಗಾಧರನ ಕಿವಿ ಬಿಸಿಯಾಯಿತು.

“ಶಾಲೇಲಿ ಮೇಷ್ಟ್ರು ನಿನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಂತೆ. ಬೆಂಚು ಪಾಸಾಯ್ತಂತೆ, ನೀನು ಆಗ್ಲಿಲ್ಲ.”

ಕೈ ಮುಷ್ಟಿಯಾಯಿತು. ಗೌಸ್ ಸಾಹೇಬರು ಓಡಿ ಬಂದು ಕೊಯ್ದ ಮಲ್ಲಿಕಾ ಹಣ್ಣಿನ ತಟ್ಟೆಯನ್ನು ಅವನ ಮುಂದೆ ಹಿಡಿದರು. “ತಿನ್ನು ಬಾಬಾ, ತಣ್ಣಗಾಗು. ಕದಿರಪ್ಪಾ, ಸುಮ್ನಿರಪ್ಪ!”

ಕದಿರಪ್ಪ ಸುಮ್ಮನಿರಲಿಲ್ಲ. ಮೂಗಿಗೆ ಬೈದ, ಕೂದಲಿಗೆ ಬೈದ, ಬೈಕಿಗೆ ಬೈದ. ಒಂದು ತಾಸು ಕಳೆಯುವಷ್ಟರಲ್ಲಿ ಸರಕು ಖಾಲಿಯಾಗಿ, ಎಮ್ಮೆಯನ್ನೇ ಮತ್ತೆ ಕರೆತಂದ. ಕೊನೆಗೆ ಪಕ್ಕದಲ್ಲಿ ಹೋಗುತ್ತಿದ್ದ ಜುಲ್ಫಿಕರನ ಲುಂಗಿ ಹಿಡಿದೆಳೆದು ಪಿಸುಗುಟ್ಟಿದ: “ಲೇ, ಒಂದು ಹೊಸದು ಹೇಳ್ಕೊಡೋ. ಇವ್ನಿಗೆ ಯಾವ್ದು ಚೆನ್ನಾಗಿ ಚುಚ್ಚುತ್ತೆ?”

ಪಿಸುಮಾತು ಗಂಗಾಧರನಿಗೆ ಪೂರ್ತಿ ಕೇಳಿಸಿತು. ಅವನು ಮೊದಲ ಸಲ ಓರೆಯಾಗಿ ತಿರುಗಿ ಮೇಸ್ತ್ರಿಯ ಮುಖ ನೋಡಿದ. ಬೆವರಿಳಿಯುತ್ತಿತ್ತು. ಪರೀಕ್ಷೆಯಲ್ಲಿ ಪಕ್ಕದವನನ್ನು ಕೇಳಿ ಬರೆಯುವ ಹುಡುಗನ ಮುಖ ಅದು. ಅವಮಾನ ಎಂದು ಮೂರು ದಿನದಿಂದ ಹೊತ್ತುಕೊಂಡು ತಿರುಗಿದ್ದು ಇಂಥವನ ಬಾಯಿಂದ ಬಂದದ್ದೇ? ಹೊಟ್ಟೆಯೊಳಗೆ ಏನೋ ಕಚಗುಳಿಯಿಟ್ಟಂತಾಯಿತು. ನಕ್ಕರೆ ಸೊಂಟ ನೋಯುತ್ತದೆಂದು ಬಾಯಿಗೆ ಮಾವಿನ ಹೋಳು ತುರುಕಿಕೊಂಡ.

ಸಾಯಂಕಾಲ ಮೇಸ್ತ್ರಿಯ ಫೋನ್ ಬಂತು.

“ಏನೋ ಮಂಕೇ, ಮುದ್ದೆ ತಿಂದ್ಯಾ?”

“ಇನ್ನೂ ಇಲ್ಲ ಮೇಸ್ತ್ರೀ.”

“ಕಲ್ಲುಪ್ಪು ಬಿಸಿ ಮಾಡಿ ಬಟ್ಟೇಲಿ ಕಟ್ಟಿ ಶಾಖ ಕೊಟ್ಕೊ. ನಂಗೆ ಸ್ವಲ್ಪ ಇಳೀತು.” ಆಮೇಲೆ ನೆನಪು ಬಂದವನ ಹಾಗೆ, “ಕತ್ತೆ!” ಎಂದು ಸೇರಿಸಿ ಇಟ್ಟುಬಿಟ್ಟ.

ಗಂಗಾಧರ ಮೊಬೈಲು ಹಿಡಿದುಕೊಂಡೇ ಗೋಡೆಗೆ ಒರಗಿ, ಸೊಂಟ ನೋಯುತ್ತಿದ್ದರೂ ಬಿಡದೆ ನಕ್ಕ. ಅಜ್ಜಿ ಉಪ್ಪು ಬಿಸಿ ಮಾಡಲು ಬಾಣಲೆ ಇಟ್ಟಳು.

ಎರಡನೇ ಬೆಳಗ್ಗೆ ಕದಿರಪ್ಪನಿಗೆ ಹೊಸ ಸಂಕಟ ಶುರುವಾಯಿತು. ಒದೆಗೆ ಮುಂಚೆ ಮಾತಾಡುವ ಹಾಗಿಲ್ಲ. ಬೈಯದೆ ಸಿಟ್ಟು ಬರಿಸುವುದು ಹೇಗೆ? ಅವನು ಚೌಕಟ್ಟು ಹಿಡಿದುಕೊಂಡೇ ಕತ್ತು ಹಿಂದಕ್ಕೆ ತಿರುಗಿಸಿ ನಾಲಗೆ ಚಾಚಿದ. ಗಂಗಾಧರನಿಗೆ ಸಿಟ್ಟು ಬರಲಿಲ್ಲ. ಮೇಸ್ತ್ರಿ ಒಂದು ಕೈ ಬಿಟ್ಟು ತನ್ನ ತಲೆ ಮುಟ್ಟಿ ತೋರಿಸಿದ, ಆಮೇಲೆ ಬಸ್ಸಿನ ಸ್ಟೇರಿಂಗು ತಿರುಗಿಸಿದ, ಗೇರು ಹಾಕಿದ, ಕೊನೆಗೆ ಕಂಡಕ್ಟರನ ಹಾಗೆ ಕೈ ಆಡಿಸಿ ‘ನಿನ್ ತಲೆ ಇಳೀಲಿಲ್ಲ, ಮುಂದಿನ ಬಸ್ಸಿಗೆ ನೋಡು’ ಎಂದು ಸನ್ನೆ ಮಾಡಿದ. ಐವತ್ತು ವರ್ಷದ ಮೀಸೆಯ ಮನುಷ್ಯ, ಅಂಗಿ ಎತ್ತಿಕೊಂಡು, ಹೆಂಡತಿಯ ಎದುರಿಗೆ, ಅರ್ಧ ಬಗ್ಗಿ, ಇಲ್ಲದ ಬಸ್ಸು ಓಡಿಸುತ್ತಿದ್ದ.

ಶ್ಯಾಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಗಾಧರನಿಗೆ ತಡೆಯಲಾಗಲಿಲ್ಲ. ಹೊಟ್ಟೆಯಿಂದ ನಗು ಎದ್ದು ಬಂತು. ನಗುನಗುತ್ತಲೇ ಮುಂದೆ ಹೋಗಿ ಕಾಲೆತ್ತಿ ಮೇಸ್ತ್ರಿಯ ಸೊಂಟಕ್ಕೆ ತಾಗಿಸಿದ. ತಾಗಿಸುವಾಗ ಅವನ ಸೊಂಟದಲ್ಲಿ ನಿನ್ನೆ ಸಿಕ್ಕಿಕೊಂಡಿದ್ದದ್ದು ಲಟಕ್ ಎಂದು ಬಿಟ್ಟುಕೊಂಡಿತು. ಅದೇ ಗಳಿಗೆಯಲ್ಲಿ ನಗು ತಡೆಯಲಾಗದೆ ಕುಲುಕಾಡಿದ ಕದಿರಪ್ಪನೂ ನೆಟ್ಟಗೆ ನಿಂತ, ಎಷ್ಟು ನೆಟ್ಟಗೆಂದರೆ ಬಾಗಿಲ ಮೇಲಿನ ಮಾವಿನ ತೋರಣ ಅವನ ತಲೆಗೆ ಬಡಿಯಿತು.

ಶಾಖ ಕೊಟ್ಟದ್ದಕ್ಕೆ ಬಿಟ್ಟಿತೋ, ಇಂಜೆಕ್ಷನ್ನಿಗೆ ಬಿಟ್ಟಿತೋ, ನಗುವಿಗೆ ಬಿಟ್ಟಿತೋ, ಕಾಲಿಗೆ ಬಿಟ್ಟಿತೋ. ಬೀದಿಯಲ್ಲಿ ಕೇಳಿದರೆ ಕಾಲಿಗೆ ಅನ್ನುತ್ತಾರೆ. ಡಾಕ್ಟರನ್ನು ಯಾರೂ ಕೇಳಲಿಲ್ಲ. ಗಂಗಾಧರ ಅದನ್ನೆಲ್ಲ ಯೋಚಿಸಲಿಲ್ಲ. ಸೊಂಟ ನೆಟ್ಟಗೆ ಮಾಡಿಕೊಂಡು, ನಗುತ್ತ, ಹಿಂದೆ ತಿರುಗದೆ ಮನೆಗೆ ಹೋದ.

ಇನ್ನೊಂದು ಬೆಳಗ್ಗೆ ಬಾಕಿ ಇತ್ತು. “ಅದು ಮಂಡೀಲಿ ಆಗ್ಬೇಕು,” ಎಂದು ಕದಿರಪ್ಪ ಹೇಳಿ ಕಳಿಸಿದ. ಯಾಕೆ ಎಂದು ಹೇಳಲಿಲ್ಲ. ಸೂರ್ಯ ಕಂಡರಾಯಿತು, ಜಾಗ ಯಾವುದಾದರೇನು ಎಂದಳು ಮುನಿಯಲ್ಲಮ್ಮ.

ಆರು ಗಂಟೆಗೇ ಮಂಡಿ ತುಂಬಿತ್ತು. ಮೇಸ್ತ್ರಿ ಒದೆ ತಿನ್ನುವುದನ್ನು ತಪ್ಪಿಸಿಕೊಳ್ಳಲು ಯಾರು ತಯಾರು? ಎಲ್ಲರ ಕೈಯಲ್ಲೂ ಮೊಬೈಲು. ಕದಿರಪ್ಪ ಬಂದವನು ಯಾರ ಮುಖವನ್ನೂ ನೋಡದೆ ಕಾಟಾದ ಮೇಲೆ ಹತ್ತಿ, ಮೂಡಲಿಗೆ ಮುಖ ಮಾಡಿ, ಅಂಗಿ ಎತ್ತಿ, ಕಾಟಾದ ಕಂಬ ಹಿಡಿದು ಬೆನ್ನು ಕೊಟ್ಟು ನಿಂತ. ಅವನ ತೂಕ ಕೆಂಪು ಅಂಕಿಗಳಲ್ಲಿ ಊರಿಗೆಲ್ಲ ಕಾಣುತ್ತಿತ್ತು. ಗಂಗಾಧರ ಹತ್ತಿರ ಹೋದ. ಒಳಗೆ ಹುಡುಕಿ ನೋಡಿಕೊಂಡ. ಸಿಟ್ಟು ಸಿಗಲಿಲ್ಲ. ಎಡಗಾಲೆತ್ತಿ, ಬಾಗಿಲು ತಳ್ಳುವ ಹಾಗೆ ಮೆಲ್ಲಗೆ ತಳ್ಳಿದ. ಅಂಕಿಗಳು ಒಂದು ಸಲ ಜಿಗಿದು ಮತ್ತೆ ನಿಂತವು. ಗಂಗಾಧರ ಗೇಟಿನ ಕಡೆ ಹೊರಟ.

“ಕೇಳ್ರಪ್ಪಾ!” ಕಾಟಾದ ಮೇಲಿನಿಂದ ಕದಿರಪ್ಪನ ದನಿ ಎದ್ದಿತು. “ಅವತ್ತು ಇಲ್ಲೇ ನಿಂತು ಒಂದು ಮಾತಂದಿದ್ದೆ. ಮೊನ್ನೆಯಿಂದ ಈ ಹುಡುಗಂಗೆ ಬೈದು ಬೈದು ನನ್ನ ಗಂಟ್ಲು ಬಿತ್ತು. ನನ್ನ ಇನ್ನರ್ಧ ಉಳುಕೂ ಅವ್ನಿಗೇ ಹೋಗ್ಲಿ ಅಂತ ಬೈದೆ ಕಣ್ರಪ್ಪಾ, ಸುಳ್ಯಾಕೆ ಹೇಳ್ಲಿ. ಅವ್ನು ನಕ್ಕು ಇಬ್ರುದ್ದೂ ಬಿಡಿಸ್ದ. ಅದಕ್ಕೆ ತಲೆ ಬೇಕು. ಬಂದೈತೆ, ನಾನೇ ನೋಡ್ದೆ. ಆ ಮಾತು ವಾಪಸ್!”

ನಲವತ್ತು ಜನ ಶಿಳ್ಳೆ ಹೊಡೆದರು. ಗೌಸ್ ಸಾಹೇಬರು “ಶಾಭಾಶ್!” ಎಂದರು. ಗಂಗಾಧರನ ಕಿವಿ ಅಷ್ಟನ್ನೂ ಹಿಡಿದುಕೊಂಡಿತು. ಕಾಲು ನಿಲ್ಲಲಿಲ್ಲ.

“ಲೇ ಗಂಗಾ!” ಈಗ ಮೇಸ್ತ್ರಿಯ ದನಿಯಲ್ಲಿ ಹಳೇ ತುಂಟತನ ಸೇರಿಕೊಂಡಿತ್ತು. “ನಂಗೊಂದು ಉತ್ತರ ಹೊಸೆದಿಟ್ಟಿದ್ದೀಯಂತಲ್ಲೋ, ಜುಲ್ಫಿ ಹೇಳ್ದ. ಈಗ ಹೇಳೋ! ಎಲ್ಲಾರೂ ಇದ್ದಾರೆ. ಹೇಳೋ, ಧೈರ್ಯ ಇದ್ರೆ!”

ಜನ ಗೊಳ್ಳೆಂದರು. ಹೇಳುವ ಹಾಗಿಲ್ಲ ಎಂದು ಗೊತ್ತಿದ್ದೇ ಕೇಳುತ್ತಿದ್ದಾನೆ ಮುದಿಯ! ಆ ಉತ್ತರ, ಅಷ್ಟು ಚಂದದ ಉತ್ತರ, ಗಂಗಾಧರನ ನಾಲಗೆಯ ತುದಿಗೆ ಬಂದು ನಿಂತಿತು. ಬಾಯಿ ಬಿಟ್ಟರೆ ಮೇಸ್ತ್ರಿ ಮತ್ತೆ ಬಗ್ಗುತ್ತಾನೆ. ಬೈಯುವುದಕ್ಕೆ ಬಾರದೆ ಪಕ್ಕದವರನ್ನು ಕೇಳುವ ಆ ಮನುಷ್ಯ, ಫೋನ್ ಮಾಡಿ ಉಪ್ಪಿನ ಶಾಖ ಹೇಳಿದ ಆ ಮನುಷ್ಯ.

“ಹೇಳೋ! ಬಾಯೂ ದಾರೀಲೈತೇನೋ?”

ಗಂಗಾಧರನ ಭುಜಗಳು ನಗುವಿಗೆ ಕುಲುಕುತ್ತಿದ್ದವು. ಗೇಟಿನ ಬಳಿ ಎರಡು ಲಾರಿ ನಿಂತಿದ್ದವು. ಎರಡರ ನಂಬರ್ ಪ್ಲೇಟನ್ನೂ ಮನಸ್ಸಿನಲ್ಲೇ ಓದಿಕೊಂಡು, ತುಟಿ ಬಿಗಿಹಿಡಿದು, ಹಿಂದಕ್ಕೆ ತಿರುಗದೆ ಅವನು ಮನೆಗೆ ಹೋಗುವ ಯಲ್ದೂರು ರಸ್ತೆಯ ಕಡೆಗೆ ನಡೆದ.